ಸೂಜಿ ಇಳಿಯುವ ಮುಂಚಿನ ಒಂಬತ್ತು ಸೆಕೆಂಡು

"ಇನ್ನೊಂದ್ಸಲ ಹಾಕು," ಎಂದಳು ವೇದವಲ್ಲಿ.

ನಂದನ್ ಹಾಕಿದ. ಇದು ಹನ್ನೊಂದನೆಯ ಸಲ. ಹಾಡು ಶುರುವಾಗುವ ಮುಂಚೆಯೇ ಅವಳು ಕೈ ಎತ್ತಿ ನಿಲ್ಲಿಸಿಬಿಡುತ್ತಿದ್ದಳು. ಅವಳಿಗೆ ಪಿಟೀಲು ಬೇಡ, ಬ್ಯಾಂಜೊ ಬೇಡ. ತೊಂಬತ್ತೇಳು ವರ್ಷದ ಹಿಂದೆ ಅಮೆರಿಕದ ಯಾವುದೋ ಗುಡ್ಡದ ಊರಿನಲ್ಲಿ, ಮರ ಕೊಯ್ಯುವ ಮಿಲ್ಲಿನ ನಾಲ್ಕು ಆಳುಗಳು ಸೇರಿ ಬಾರಿಸಿದ ಆ ಕುಣಿತದ ಮಟ್ಟೂ ಬೇಡ. ಬೇಕಾದದ್ದು ತಟ್ಟೆಗೆ ಸೂಜಿ ತಾಗುವ ಮುಂಚಿನ ಒಂಬತ್ತು ಸೆಕೆಂಡು. ಅಂದರೆ ಏನೂ ಇಲ್ಲದ ಒಂಬತ್ತು ಸೆಕೆಂಡು.

ಹಿರಾನೊ-ಸಾನ್ ಬಾಗಿಲ ಹತ್ತಿರ ಕೈ ಕಟ್ಟಿಕೊಂಡು ನಿಂತಿದ್ದರು. ಟೋಕಿಯೋದ ಮಿನಾಟೋ ಬಡಾವಣೆಯ ಒಂದು ಇಕ್ಕಟ್ಟು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆಯ 'ಮಿನೋಮುಷಿ ರೆಕಾರ್ಡ್ಸ್' ಅವರದು. ಇಪ್ಪತ್ತಮೂರು ವರ್ಷದಿಂದ ಹಳೆಯ ಅಮೆರಿಕನ್ ಹಳ್ಳಿ ವಾದ್ಯಗಾರರ ಗ್ರಾಮಫೋನ್ ತಟ್ಟೆಗಳನ್ನು ಹುಡುಕಿ, ತೊಳೆದು, ಸೀಡಿಯಾಗಿ ಮರುಮುದ್ರಿಸುತ್ತ ಬಂದ ಹೆಂಗಸು. ಕೋಪ ಬಂದಷ್ಟೂ ಅವರ ಮರ್ಯಾದೆ ಹೆಚ್ಚುತ್ತಿತ್ತು. ಈ ಬೆಳಿಗ್ಗೆಯಿಂದ ವೇದವಲ್ಲಿಗೆ ಮೂರು ಸಲ ಬಾಗಿ ನಮಸ್ಕರಿಸಿದ್ದರು.

ಕೋಪಕ್ಕೆ ಕಾರಣವೂ ಇತ್ತು. 'ಹ್ಯಾಕ್ಬೆರಿ ರಿಡ್ಜ್ ಸ್ಟ್ರಿಂಗ್ ಬ್ಯಾಂಡ್' ಎಂಬ ಆ ನಾಲ್ವರ ತಟ್ಟೆ ಇಡೀ ಲೋಕದಲ್ಲಿ ಉಳಿದಿದ್ದದ್ದು ಒಂದೇ ಒಂದು. ಹಮಾಮತ್ಸು ಎಂಬ ಊರಿನ ಸೆಗಾವಾ-ಸಾನ್ ಎಂಬ ಮುದುಕರು ಅದನ್ನು ನಂಬಿಕೆಯ ಮೇಲೆ ಇಲ್ಲಿಗೆ ಕಳಿಸಿದ್ದರು. ಸೋಮವಾರ ಫೋಟೊ ತೆಗೆಯಲು ಲಕೋಟೆ ಬಿಚ್ಚಿದಾಗ ಒಳಗಿದ್ದದ್ದು ಅದೇ ಅಳತೆಯ, ಅದೇ ಬಣ್ಣದ ಲೇಬಲ್ಲಿನ, ಬೀದಿಗೊಂದು ಸಿಗುವಂಥ ಬೇರೆ ತಟ್ಟೆ. ಕಪಾಟಿನಿಂದ ತಟ್ಟೆ ತೆಗೆದವರು ಸಹಿ ಹಾಕುವ ಪುಸ್ತಕದಲ್ಲಿ ಕೊನೆಯ ಸಹಿ ನಂದನ್‌ನದು, ಮೇ ಹದಿನಾಲ್ಕು. ತಟ್ಟೆಗಳನ್ನು ನುಡಿಸಿ ಕಂಪ್ಯೂಟರಿಗೆ ಇಳಿಸುವುದು ಇಲ್ಲಿ ಅವನ ಕೆಲಸ, ಅವತ್ತು ಇಳಿಸಿದೆನೆಂದ ಫೈಲೇ ಈಗ ಓಡುತ್ತಿದ್ದದ್ದು.

ನಾಳೆ ಶುಕ್ರವಾರ. ಸಂಜೆಯೊಳಗೆ ತಟ್ಟೆ ಸಿಗದಿದ್ದರೆ ಹಿರಾನೊ-ಸಾನ್ ಮೊದಲು ಅವನ ಪ್ರೊಫೆಸರನ್ನು, ಆಮೇಲೆ ಪೊಲೀಸರನ್ನು ಕಾಣುತ್ತಾರೆ. ನಂದನ್‌ನ ಡಾಕ್ಟರೇಟ್ ಇಂಥ ತಟ್ಟೆಗಳ ಸದ್ದನ್ನು ಶುದ್ಧ ಮಾಡುವ ಬಗ್ಗೆಯೇ. ಮೂರು ವರ್ಷದ ದುಡಿಮೆ ಮುಗಿಯಲು ಇನ್ನು ಆರು ತಿಂಗಳಿತ್ತು. ಕಳ್ಳತನದ ಹೆಸರು ಅಂಟಿದರೆ ಪದವಿಯೂ ಹೋಯಿತು, ವೀಸಾವೂ ಹೋಯಿತು.

ಅವನ ತಾಯಿ ಜಯಮ್ಮ ಮೈಸೂರು ಆಕಾಶವಾಣಿಯಲ್ಲಿ ಉದ್ಘೋಷಕಿ. ಅದೇ ಆಕಾಶವಾಣಿಯ ರೆಕಾರ್ಡಿಂಗ್ ಕೋಣೆಯಲ್ಲಿ ವೇದವಲ್ಲಿ ಹನ್ನೊಂದು ವರ್ಷ ಕೂತವಳು. ಗಂಡ ಭೀಮಸೇನನ ಕೆಲಸದ ಬೆನ್ನು ಹತ್ತಿ ಟೋಕಿಯೋದ ಫುನಾಬೊರಿಗೆ ಬಂದ ಮೇಲೆ ಅವಳ ಕಿವಿಗೆ ಕೆಲಸವಿಲ್ಲದೆ ಹೋಗಿತ್ತು. ಮಗ ಟೋಕಿಯೋಗೆ ಹೊರಟಾಗ ಜಯಮ್ಮ ಫೋನಿನಲ್ಲಿ, ಇವನನ್ನು ನಿನ್ನ ಮಡಿಲಿಗೆ ಹಾಕಿದ್ದೀನಿ ಕಣೇ ಎಂದಿದ್ದಳು. ವೇದವಲ್ಲಿ ಹೂಂ ಅಂದಿದ್ದಳು. ಅಂದ ಮೇಲೆ ಮುಗಿಯಿತು, ಹೊತ್ತ ಹೊರೆ ಹೊತ್ತದ್ದೇ.

ಅವಳು ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟಳು. ಗೋಡೆಯ ಹತ್ತಿರದ ರೆಕಾರ್ಡ್ ಪ್ಲೇಯರಿನ ಎದುರು ನಿಂತು, ಸೂಜಿಯ ಕೈಯನ್ನು ಮುಟ್ಟದೆ, ಸದ್ದಿನ ಗುಂಡಿಯನ್ನು ಮಾತ್ರ ಕೊನೆಯ ತನಕ ತಿರುಗಿಸಿದಳು. ಸ್ಪೀಕರಿನೊಳಗಿಂದ ಸಣ್ಣಗೆ ಗುಂಯ್ ಎನ್ನುವ ನಾದ ಎದ್ದಿತು. ಅವಳು ಕಣ್ಣು ಮುಚ್ಚಿ ಅದಕ್ಕೆ ಶ್ರುತಿ ಸೇರಿಸಿ ಸ ಹಿಡಿದಳು. ಮತ್ತೆ ಹೆಡ್‌ಫೋನ್ ಹಾಕಿ ಆ ಒಂಬತ್ತು ಸೆಕೆಂಡು ಕೇಳಿದಳು. ಇಲ್ಲ, ಇದು ಸ ಅಲ್ಲ.

"ನೋಡು ನಂದನ್, ಈ ರೂಮಿನ ಗುಂಯ್ ಸ ಅಂತಿಟ್ಕೊ. ನಿನ್ ಫೈಲಲ್ಲಿರೋದು ಗ. ಸಾಧಾರಣ ಗಾಂಧಾರ."

"ಅದು ಕರೆಂಟಿನ ಹಮ್ ಅಷ್ಟೇ ಆಂಟಿ. ನನ್ ಪ್ರೋಗ್ರಾಮ್ ಆ ಪೋರ್ಷನ್ನ ಮೊದ್ಲೇ ಕಟ್ ಮಾಡ್ಬಿಡತ್ತೆ. ಯಾರೂ ಕೇಳಲ್ಲ ಅದನ್ನ."

"ಯಾರೂ ಕೇಳಲ್ಲ ಅಂತಾನೇ ನಾನು ಕೇಳ್ತಿರೋದು. ಅಳ್ದು ನೋಡು."

ಆಕಾಶವಾಣಿಯಲ್ಲಿ ಅವಳಿಗೆ ಕೆಲಸ ಕಲಿಸಿದವರು ಮೊದಲ ದಿನವೇ ಹೇಳಿಕೊಟ್ಟ ಪಾಠ ಅದು. ವಿದ್ವಾಂಸರು ಬಾಯಿ ತೆರೆಯುವ ಮುಂಚೆ ಹತ್ತು ಸೆಕೆಂಡು ಖಾಲಿ ಟೇಪು ಓಡಿಸು, ಕೋಣೆ ತನ್ನ ಹೆಸರು ಹೇಳಿಕೊಳ್ಳಲಿ. ಜನ ಬರುತ್ತಾರೆ, ಹೋಗುತ್ತಾರೆ, ಕೋಣೆ ಸುಳ್ಳು ಹೇಳುವುದಿಲ್ಲ. ಬೇರೆಯವರಿಗೆ ಅದು ಹುಚ್ಚು ಅನ್ನಿಸಬಹುದು, ವೇದವಲ್ಲಿಗೆ ಅನ್ನದ ವಿದ್ಯೆ. ಆ ಅಭ್ಯಾಸವನ್ನು ಅವಳು ನಂದನ್‌ಗೂ ಅಂಟಿಸಿದ್ದರಿಂದಲೇ ಈ ಒಂಬತ್ತು ಸೆಕೆಂಡು ಉಳಿದುಕೊಂಡಿತ್ತು.

ನಂದನ್ ಅಳೆದ. ಪರದೆಯ ಮೇಲೆ ಸಂಖ್ಯೆ ಮೂಡಿತು. ಅರವತ್ತು.

ಅದನ್ನು ನೋಡಿ ಹಿರಾನೊ-ಸಾನ್ ಕಟ್ಟಿದ ಕೈ ಬಿಟ್ಟರು. ಜಪಾನಿನಲ್ಲಿ ಮನೆ ಬದಲಾಯಿಸಿದ ಯಾರಿಗೇ ಆಗಲಿ ಬಿಡಿಸಿ ಹೇಳಬೇಕಾದ ಮಾತಲ್ಲ ಇದು. ಮೇಜಿ ಚಕ್ರವರ್ತಿಯ ಕಾಲದಲ್ಲಿ ಟೋಕಿಯೋದವರು ವಿದ್ಯುತ್ತಿನ ಯಂತ್ರ ತಂದದ್ದು ಜರ್ಮನಿಯಿಂದ, ಓಸಾಕಾದವರು ತಂದದ್ದು ಅಮೆರಿಕದಿಂದ. ಇವರ ಕರೆಂಟು ಸೆಕೆಂಡಿಗೆ ಐವತ್ತು ಸಲ ತೂಗಿದರೆ ಅವರದು ಅರವತ್ತು ಸಲ. ಇವತ್ತಿಗೂ ದೇಶ ಫುಜಿ ನದಿಯ ಹತ್ತಿರ ಎರಡು ಹೋಳು. ಪೂರ್ವಕ್ಕೆ ಐವತ್ತು, ಪಶ್ಚಿಮಕ್ಕೆ ಅರವತ್ತು. ಮೈಸೂರಿನಲ್ಲೂ ಐವತ್ತೇ. ಹಾಗಾಗಿ ಟೋಕಿಯೋದ ಗುಂಯ್ ವೇದವಲ್ಲಿಗೆ ತವರಿನ ಶ್ರುತಿ, ಆ ಗಾಂಧಾರ ಕಿವಿಗೆ ಕಲ್ಲಿನಂತೆ ಸಿಕ್ಕಿತ್ತು.

"ಈ ಫೈಲು ಈ ಕೋಣೆಯಲ್ಲಿ ಆದದ್ದಲ್ಲ, ಹಿರಾನೊ-ಸಾನ್," ಎಂದು ಅವಳು ತನ್ನ ಏಳು ವರ್ಷದ ಜಪಾನಿಯಲ್ಲಿ ಹೇಳಿದಳು. "ಫುಜಿ ನದಿಯ ಆಚೆ ಎಲ್ಲೋ ಆದದ್ದು. ಯಾರೋ ಅಲ್ಲಿ ತಟ್ಟೆ ನುಡಿಸಿ, ನಂದನ್ ಮಾಡಿದ ಫೈಲಿನ ಜಾಗದಲ್ಲಿ ಈ ಫೈಲನ್ನು ತಂದಿಟ್ಟಿದ್ದಾರೆ."

ಹಿರಾನೊ-ಸಾನ್, ಆಚೆ ಇರುವವರು ಸೆಗಾವಾ-ಸಾನ್ ಒಬ್ಬರೇ, ಅವರ ತಟ್ಟೆಯನ್ನು ಅವರೇ ಯಾಕೆ ಕದಿಯುತ್ತಾರೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆಯೇ. ತಟ್ಟೆ ತಮಗೆ ಏಪ್ರಿಲ್ ಕೊನೆಯಲ್ಲಿ ಕೊರಿಯರಿನಲ್ಲಿ ಬಂದದ್ದೆಂದೂ, ಸೆಗಾವಾ-ಸಾನ್ ಅವರನ್ನು ತಾವು ಮುಖತಃ ನೋಡಿ ಎರಡು ವರ್ಷವಾಯಿತೆಂದೂ ಸೇರಿಸಿದರು.

ನಂದನ್ ಮುಖ ಬಿಳಿಚಿಕೊಂಡಿತ್ತು. ಪಾಪ, ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ, ಸುಸ್ತಾಗಿರಬೇಕು ಎಂದುಕೊಂಡಳು ವೇದವಲ್ಲಿ.

"ನಾನಂತೂ ಹಮಾಮತ್ಸು ನೋಡೇ ಇಲ್ಲ ಆಂಟಿ," ಎಂದ ಅವನು ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ. "ಸೆಗಾವಾ-ಸಾನ್‌ನ ಮೀಟೂ ಮಾಡಿಲ್ಲ."

ಗೊತ್ತು ಬಿಡು ಎಂದು ಅವನ ಬೆನ್ನು ತಟ್ಟಿ ಅವಳು ಚೀಲ ಎತ್ತಿಕೊಂಡಳು. ಫೋನ್ ಮಾಡಿದರೆ ಸಾಲದೇ ಎಂದು ಅವನು ಲಿಫ್ಟಿನ ತನಕ ಹಿಂದೆಯೇ ಬಂದು ಎರಡು ಸಲ ಕೇಳಿದ. ಎಂಬತ್ತೊಂದು ವರ್ಷದವರನ್ನು ಫೋನಿನಲ್ಲಿ ಕಳ್ಳ ಅನ್ನುವುದಕ್ಕಾಗುತ್ತದೆಯೇ ಎಂದು ಅವಳು ನಕ್ಕಳು.

ಶಿನಾಗಾವಾ ನಿಲ್ದಾಣದಲ್ಲಿ ರೈಲು ಹತ್ತಿದಾಗ ಹನ್ನೊಂದು ಗಂಟೆ. ಕೊಂಬಿನಿ ಅಂಗಡಿಯಿಂದ ಕೊಂಡ ಅನ್ನದ ಉಂಡೆ ಬಿಚ್ಚುತ್ತ ಕಿಟಕಿಯ ಹತ್ತಿರ ಕೂತಳು. ಜೂನ್ ತಿಂಗಳ ಮೋಡದಲ್ಲಿ ಫುಜಿ ಬೆಟ್ಟ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ಅದೇ ಹೆಸರಿನ ನದಿ ಮಾತ್ರ ಅಗಲವಾಗಿ, ಕಲ್ಲು ಕಲ್ಲಾಗಿ ಕೆಳಗೆ ಹಾದುಹೋಯಿತು. ಈ ಕಡೆಯಿಂದ ಆ ಕಡೆಗೆ ಬರುವಷ್ಟರಲ್ಲಿ ಗೋಡೆಯೊಳಗಿನ ತಂತಿಗಳೆಲ್ಲ ಸ ಬಿಟ್ಟು ಗ ಹಿಡಿಯುತ್ತವಲ್ಲ ಎಂದು ಅವಳಿಗೆ ಮಜಾ ಅನ್ನಿಸಿತು. ಇಂಥ ಹುಡುಕಾಟ ಹನ್ನೊಂದು ವರ್ಷದ ನೌಕರಿಯಲ್ಲೂ ಸಿಕ್ಕಿರಲಿಲ್ಲ. ಒಬ್ಬ ಹುಡುಗನ ಬಾಳು ತೂಗುಯ್ಯಾಲೆಯಲ್ಲಿರುವಾಗ ಖುಷಿಪಡುವುದೇ ಎಂದು ಮರುಗಳಿಗೆಯೇ ನಾಚಿಕೆಯೂ ಆಯಿತು.

ಸೆಗಾವಾ-ಸಾನ್ ಮನೆ ಹಮಾಮತ್ಸು ನಿಲ್ದಾಣದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ಎಂಜಿನ್ ಬಿಚ್ಚಿ ಕಟ್ಟಿದವರು. ಉಗುರಿನ ಸಂದಿಯಲ್ಲಿ ಇನ್ನೂ ಎಣ್ಣೆಯ ಕಪ್ಪು ಇತ್ತು. ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಒಳಗಿನ ಚಪ್ಪಲಿ ಕೊಟ್ಟು, ಹಿಂದಿನ ಒಂದು ಕೋಣೆಗೆ ಕರೆದೊಯ್ದರು. ನಾಲ್ಕು ಗೋಡೆಗೂ ತಟ್ಟೆಗಳು. ನಡುವೆ ಎರಡು ಕುರ್ಚಿ, ಒಂದು ಪ್ಲೇಯರು.

ಬಂದ ಕೆಲಸ ಕೇಳುವ ಮುಂಚೆ ಅವರು ಒಂದು ತಟ್ಟೆ ಹಾಕಿದರು. ಕೇಳದೆ ಮಾತಾಡುವುದು ಈ ಕೋಣೆಯಲ್ಲಿ ಪದ್ಧತಿಯಿಲ್ಲವಂತೆ. ಪಿಟೀಲು, ಬ್ಯಾಂಜೊ, ಗಿಟಾರು ಮೂರೂ ಒಟ್ಟಿಗೇ ಹೊರಟವು. ಯಾರಿಗೂ ಮುಂದೆ ಹೋಗುವ ಆಸೆಯಿಲ್ಲ, ಯಾರೂ ಹಿಂದೆ ಬೀಳುವುದಿಲ್ಲ. ಪಿಟೀಲಿನವನು ಒಂದು ತಂತಿಯಲ್ಲಿ ಮಟ್ಟು ನುಡಿಸುತ್ತ ಪಕ್ಕದ ತಂತಿಗೂ ಸುಮ್ಮನೆ ಕಮಾನು ತಾಗಿಸಿಕೊಂಡೇ ಇದ್ದ, ತಂಬೂರಿಯ ಹಾಗೆ. ಇವರಿಗೂ ಶ್ರುತಿ ಬೇಕಲ್ಲ ಎಂದು ವೇದವಲ್ಲಿಗೆ ಎಷ್ಟು ಆನಂದವಾಯಿತೆಂದರೆ, ಎದುರಿಗೆ ಕೂತವರ ಮೇಲೆ ಗುಮಾನಿಪಡಲು ಬಂದದ್ದು ಅರೆಗಳಿಗೆ ಮರೆತೇಹೋಯಿತು.

ತಟ್ಟೆ ಮುಗಿದ ಮೇಲೆ ಅವಳು ಸುಮಿಮಾಸೆನ್, ಕ್ಷಮಿಸಿ, ಎಂದು ಶುರುಮಾಡಿ ಎಲ್ಲ ಹೇಳಿದಳು. ಒಂಬತ್ತು ಸೆಕೆಂಡಿನ ಕಥೆ, ಐವತ್ತು, ಅರವತ್ತು. ಮಿನಾಟೋದಲ್ಲಿರುವ ಫೈಲು ಫುಜಿ ನದಿಯ ಈ ಕಡೆ ಹುಟ್ಟಿದ್ದು. ಈ ಕಡೆ ಆ ತಟ್ಟೆಯನ್ನು ನುಡಿಸಬಲ್ಲವರು ನೀವೊಬ್ಬರೇ.

"ಅಂದರೆ ನಾನು ನನ್ನ ತಟ್ಟೆಯನ್ನೇ ಕದ್ದೆ," ಎಂದರು ಸೆಗಾವಾ-ಸಾನ್.

"ಕದ್ದಿರಿ ಎನ್ನುವುದಿಲ್ಲ. ಮನಸ್ಸು ತಡೆಯದೆ ವಾಪಸ್ ತರಿಸಿಕೊಂಡಿರಬಹುದು. ಹೇಳಿದರೆ ಒಬ್ಬ ಹುಡುಗ ಬದುಕುತ್ತಾನೆ."

ಮುದುಕರು ಎದ್ದು ಸೂಜಿಯ ಕೈಯನ್ನು ಬದಿಗೆ ಸರಿಸಿ, ಸದ್ದಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು. ಅವಳು ಬೆಳಿಗ್ಗೆ ಮಾಡಿದ್ದೂ ಇದನ್ನೇ. ವೇದವಲ್ಲಿ ಕಿವಿಗೊಟ್ಟಳು. ಸ ಇಲ್ಲ, ಗ ಇಲ್ಲ, ಏನೆಂದರೆ ಏನೂ ಇಲ್ಲ. ಹೊರಗೆ ಪಕ್ಕದ ಮನೆಯವರು ಹಾಸಿಗೆ ಕೊಡವುತ್ತಿದ್ದದ್ದು ಕೇಳಿಸಿತು.

ಅವರು ಮೇಜಿನ ಕೆಳಗಿನ ಬಟ್ಟೆ ಎತ್ತಿ ತೋರಿಸಿದರು. ಸಾಲಾಗಿ ಆರು ಮೋಟಾರ್‌ಸೈಕಲ್ ಬ್ಯಾಟರಿಗಳಿದ್ದವು. ತಟ್ಟೆ ತಿರುಗುವುದೂ ಅದರಲ್ಲೇ, ಸದ್ದು ಬರುವುದೂ ಅದರಲ್ಲೇ. ಗೋಡೆಯ ಕರೆಂಟಿನ ಗುಂಯ್ ಸಹಿಸದೆ ಮೂವತ್ತು ವರ್ಷದ ಹಿಂದೆಯೇ ಅದನ್ನು ಈ ಕೋಣೆಯಿಂದ ಓಡಿಸಿದೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು.

ವೇದವಲ್ಲಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎರಡು ಗಂಟೆ ರೈಲಿನಲ್ಲಿ ಬಂದು, ಎಂಬತ್ತೊಂದು ವರ್ಷದವರ ಮನೆಯಲ್ಲಿ ಚಹಾ ಕುಡಿದು, ಅವರನ್ನೇ ಕಳ್ಳ ಎಂದಾಗಿತ್ತು. ತಲೆ ಬಾಗಿಸಿ ತಪ್ಪಾಯಿತೆಂದಳು. ಆದರೆ ತಲೆ ಎತ್ತುವಷ್ಟರಲ್ಲಿ ಕುತೂಹಲ ನಾಚಿಕೆಯನ್ನು ಪಕ್ಕಕ್ಕೆ ತಳ್ಳಿತ್ತು. ಬ್ಯಾಟರಿಯ ಕೋಣೆಯಲ್ಲಿ ಗುಂಯ್ ಇಲ್ಲ, ಫೈಲಿನಲ್ಲಿ ಇದೆ. ಹಾಗಾದರೆ ಅದು ಬಂದದ್ದು ಎಲ್ಲಿಂದ?

ಒಂದು ಸಲ ಆ ಫೈಲು ಕೇಳಿಸುತ್ತೀರಾ ಎಂದರು ಸೆಗಾವಾ-ಸಾನ್. ಅವಳು ಫೋನಿನಲ್ಲಿ ಹಾಕಿಕೊಟ್ಟಳು. ಅವರು ಒಂಬತ್ತು ಸೆಕೆಂಡನ್ನೂ ಕೇಳಿದರು, ಆಮೇಲಿನ ಮಟ್ಟನ್ನೂ ಪೂರ್ತಿ ಕೇಳಿದರು. ತಟ್ಟೆ ತಮ್ಮದೇ ಎಂದರು. ಅಂಚಿನಿಂದ ಒಂದು ಬೆರಳು ಒಳಗೆ ಒಂದು ಗೀರಿದೆ, ಪ್ರತಿ ಸುತ್ತಿಗೂ ಒಂದರಂತೆ ಏಳು ಸಲ ಟಿಕ್ ಎನ್ನುತ್ತದೆ, ಎಣಿಸಿ ನೋಡಿ. ಅವಳು ಎಣಿಸಿದಳು. ಏಳು.

"ಈ ಕೋಣೆಗೆ ಒಂದೇ ಒಂದು ಸಲ ಗೋಡೆಯ ಕರೆಂಟು ಬಂದಿದೆ," ಎಂದರು ಅವರು. "ಒಬ್ಬರು ತಮ್ಮದೇ ಯಂತ್ರದ ಪೆಟ್ಟಿಗೆ ತಂದಿದ್ದರು. ಅಡುಗೆಮನೆಯಿಂದ ತಂತಿ ಎಳೆದೆ. ನನಗೆ ಇಷ್ಟವಿರಲಿಲ್ಲ. ಆದರೆ ಹುಡುಗ ತುಂಬ ಚೆನ್ನಾಗಿ ಕೇಳುತ್ತಿದ್ದ."

"ಯಾವ ಹುಡುಗ?"

ಅವರು ಕಪಾಟಿನಿಂದ ಒಂದು ದಪ್ಪ ನೋಟುಪುಸ್ತಕ ತೆಗೆದರು. ಇಲ್ಲಿಗೆ ಬಂದು ಕೇಳಿದವರು ಹೋಗುವ ಮುಂಚೆ ಒಂದು ಸಾಲು ಬರೆಯಬೇಕು, ಅದೂ ಅವರವರ ಭಾಷೆಯಲ್ಲೇ. ಫ್ರೆಂಚ್ ಇತ್ತು, ಕೊರಿಯನ್ ಇತ್ತು. ಅವರು ಹಾಳೆ ತಿರುವಿ, ಒಂದು ಪುಟದಲ್ಲಿ ಬೆರಳಿಟ್ಟು, ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟರು. ಗುಂಡಗಿನ ಅಕ್ಷರಗಳು ಚೆಂದ ಕಂಡವು, ಅರ್ಥ ಮಾತ್ರ ತಿಳಿಯಲಿಲ್ಲ, ನಿಮ್ಮ ಕಡೆಯದ್ದಿರಬಹುದೇ ಎಂದು ಕೇಳಿದರು.

ಕನ್ನಡ ಅಕ್ಷರ. ಸಾಲಿನ ಕೊನೆಯಲ್ಲಿ ಉದ್ದಕ್ಕೆ ಬಾಲ ಎಳೆಯುವ ಆ ಕೈಬರಹ ಅವಳಿಗೆ ಗೊತ್ತಿತ್ತು. ಯುಗಾದಿಗೆ ಬಂದಾಗ ಅವಳ ಮಗಳ ನೋಟುಬುಕ್ಕಿನಲ್ಲಿ ಅ ಆ ಇ ಈ ಬರೆದುಕೊಟ್ಟವನು ಅವನೇ.

'ಇದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ವಸ್ತುವಲ್ಲ. ಹೇಗಾದರೂ ಮಾಡಿ ಇದನ್ನು ಇವರೆಲ್ಲರ ಕೈಯಿಂದ ಬಿಡಿಸಿಕೊಂಡು ಹೋಗಬೇಕು. ನಂದನ್. ಏಪ್ರಿಲ್ ೧೩, ಭಾನುವಾರ.'

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದುವ ಧೈರ್ಯವಾಗಲಿಲ್ಲ. ಹಮಾಮತ್ಸು ನೋಡೇ ಇಲ್ಲ ಎಂದು ಬೆಳಿಗ್ಗೆ ಯಾರೂ ಕೇಳದೆಯೇ ಹೇಳಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಅವಳ ಅಜ್ಜಿ ಮಾತು ಮಾತಿಗೂ ಹೇಳುತ್ತಿದ್ದರು. ಹೆಗಲು ಮುಟ್ಟಿಕೊಂಡದ್ದು ಕಣ್ಣೆದುರಿಗೇ ಇತ್ತು, ಅವಳು ಅದನ್ನು ಉಪವಾಸದ ಸುಸ್ತು ಅಂದುಕೊಂಡಿದ್ದಳು. ಮೇ ಹದಿನಾಲ್ಕರಂದು ಮಿನಾಟೋದಲ್ಲಿ ಮಾಡಿದೆ ಎಂದು ಸಹಿ ಹಾಕಿದ ಫೈಲು ಏಪ್ರಿಲ್‌ನಲ್ಲೇ ಇಲ್ಲಿ ಆಗಿತ್ತು. ಅಂದರೆ ಮೇ ತಿಂಗಳಲ್ಲಿ ಅವನು ತಟ್ಟೆ ನುಡಿಸಿಯೇ ಇಲ್ಲ. ನುಡಿಸುವುದಕ್ಕೆ ಆಗಲೇ ತಟ್ಟೆ ಇರಲಿಲ್ಲವೇ? ಅವನನ್ನು ಉಳಿಸಲು ಅವಳೇ ಹುಡುಕಿದ ಗುಂಯ್ ಅವನ ಕೊರಳಿಗೇ ಬಂದು ಸುತ್ತಿಕೊಂಡಿತ್ತು.

ಈ ಮಾತನ್ನು ಹಿರಾನೊ-ಸಾನ್‌ಗೆ ಯಾಕೆ ತಿಳಿಸಲಿಲ್ಲ ಎಂದು ಅವಳು ಕಷ್ಟಪಟ್ಟು ಕೇಳಿದಳು.

"ಅವರು ಕೇಳಲಿಲ್ಲ," ಎಂದರು ಸೆಗಾವಾ-ಸಾನ್. ಆಮೇಲೆ ಪುಸ್ತಕದ ಕಡೆ ತಲೆಯಾಡಿಸಿದರು. "ಏನು ಬರೆದಿದ್ದಾನೆ?"

ವೇದವಲ್ಲಿ ಆಕಾಶವಾಣಿಯಲ್ಲಿ ಒಂದು ಕೆಮ್ಮನ್ನೂ ಸುಳ್ಳಾಗಿ ಕತ್ತರಿಸಿದವಳಲ್ಲ. ಅದು ಅವಳ ಜಂಬ, ಹತ್ತು ಜನರ ಎದುರು ಹೇಳಿಕೊಂಡದ್ದೂ ಉಂಟು. ಈಗ ಮಾತ್ರ ಜಯಮ್ಮನ ದನಿ ಕಿವಿಯಲ್ಲಿ ಕೂತು ಏಳಲೊಲ್ಲದು. ನಿಜ ಹೇಳಿದರೆ ಶುಕ್ರವಾರ ಸಂಜೆಯ ತನಕ ಕಾಯುವ ಅಗತ್ಯವೇ ಇರುವುದಿಲ್ಲ. ಒಂದು ದಿನ ಸಿಕ್ಕಿದರೂ ಸಾಕು, ಅವನ ಕಿವಿ ಹಿಂಡಿ ಬಾಯಿ ಬಿಡಿಸಬಹುದು.

"ತುಂಬ ಚೆನ್ನಾಗಿತ್ತು, ಇಂಥದ್ದನ್ನು ಕೇಳಿಸಿದ್ದಕ್ಕೆ ಋಣಿ ಎಂದು ಬರೆದಿದ್ದಾನೆ," ಎಂದಳು.

ಸೆಗಾವಾ-ಸಾನ್ ನಿಧಾನವಾಗಿ ಪುಸ್ತಕ ಮುಚ್ಚಿದರು. ಕೋಪಿಸಿಕೊಳ್ಳಲಿಲ್ಲ, ಬಾಗಲೂ ಇಲ್ಲ. ಅಂಗಿಯ ಜೇಬಿನಿಂದ ಫೋನ್ ತೆಗೆದು ಅವಳಿಗೆ ತೋರಿಸಿದರು. ಆ ಪುಟದ್ದೇ ಚಿತ್ರ, ಕೆಳಗೆ ಸಾಲಾಗಿ ಜಪಾನಿ ಅಕ್ಷರ. ಕಳೆದ ಸೋಮವಾರ ತಟ್ಟೆ ಕಳೆದ ಸುದ್ದಿ ಬಂದ ಕೂಡಲೇ ಕ್ಯಾಮೆರಾ ಹಿಡಿದೆ, ಭಾಷೆ ಯಾವುದೆಂದು ಅದೇ ಕಂಡುಹಿಡಿದು ಅನುವಾದ ಮಾಡಿಕೊಟ್ಟಿತು ಎಂದರು.

ಅವಳ ಮುಖಕ್ಕೆ ರಕ್ತ ನುಗ್ಗಿತು. ಅವಳು ಇನ್ನು ಏನು ಹೇಳಿದರೂ ಆ ಹುಡುಗನ ಪರವಾಗಿ ಈ ಮನುಷ್ಯ ನಂಬುವುದಿಲ್ಲ. ಒಂದು ದಿನ ಗಳಿಸಲು ಹೋಗಿ ಇದ್ದ ಒಂದು ದಿನವನ್ನೂ ಕಳೆದಿದ್ದಳು.

ಮುದುಕರು ಚಹಾದ ಬಟ್ಟಲನ್ನು ಅವಳ ಕಡೆಗೆ ಸರಿಸಿದರು.

"ಇಲ್ಲಿ ಕೂತು ನನಗೆ ಸುಳ್ಳು ಹೇಳಿದವರಲ್ಲಿ ನೀವು ಎರಡನೆಯವರು," ಎಂದರು. "ಮೊದಲನೆಯವರು ಆ ಹುಡುಗನಲ್ಲ. ಅವನ ಜೊತೆಯಲ್ಲಿ ಬಂದಿದ್ದವರು."

ಇವರ ಮುಖ ನೋಡಿ ಎರಡು ವರ್ಷವಾಯಿತು ಎಂದು ಬೆಳಿಗ್ಗೆ ಹಿರಾನೊ-ಸಾನ್ ಕೂಡ ಯಾರೂ ಕೇಳದೆಯೇ ಹೇಳಿದ್ದು ವೇದವಲ್ಲಿಗೆ ಆಗ ನೆನಪಾಯಿತು.